ಆಂಟಿಬಯಾಟಿಕ್‌ಗೂ ಬಗ್ಗದ ಶ್ವಾಸಕೋಶದ ಸೋಂಕಿಗೆ ಚೀನಾದ ಮೂಲಿಕೆ ಕೆಲಸ ಮಾಡುತ್ತಾ?

ಮೂಲಿಕೆಯೊಂದರಿಂದಲೇ ಇಂಥ ಸೋಂಕು ವಾಸಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆಂಟಿಬಯಾಟಿಕ್ ಬಿಟ್ಟು ಅದನ್ನೇ ನಂಬಬೇಡಿ.

ಹಾಗಂತ ಸುಮ್ನೆ ತಳ್ಳಿಹಾಕುವಂಥದ್ದೂ ಅಲ್ಲ. ಚೀನೀ ವೈದ್ಯದ ಹುವಾಂಗ್ ಲಿಯಾನ್ ಅನ್ನೋ ಬೇರುಗಡ್ಡೆಯನ್ನು ಮುರಿದರೆ ಒಳಗೆಲ್ಲ ಹಳದಿ, ಬಾಯಿಗಿಟ್ಟರೆ ಕಡುಕಹಿ. ಆ ಹಳದಿಗೂ ಕಹಿಗೂ ಕಾರಣ ಬರ್ಬೆರಿನ್ ಅನ್ನೋ ರಾಸಾಯನಿಕ. ನಮ್ಮ ಮರದರಿಶಿನದಲ್ಲಿರುವುದೂ ಅದೇ. ಲ್ಯಾಬ್‌ನಲ್ಲಿ ಇದು ಕೆಲವು ಬ್ಯಾಕ್ಟೀರಿಯಾಗಳು ಬೆಳೆಯದಂತೆ ತಡೆಯುತ್ತದೆ. ಆದರೆ ಹಠಮಾರಿ ಬ್ಯಾಕ್ಟೀರಿಯಾದ ಹೊರಪದರದಲ್ಲಿ ಪುಟ್ಟ ಪಂಪುಗಳಿರುತ್ತವೆ. ಒಳಗೆ ಬಂದ ಔಷಧಿಯನ್ನು ಅವು ಎತ್ತಿ ಆಚೆ ಹಾಕುತ್ತವೆ, ಬರ್ಬೆರಿನ್ ಅನ್ನೂ ಬಿಡುವುದಿಲ್ಲ. ಅದಕ್ಕೇ ಸಂಶೋಧಕರು ಈ ಪಂಪನ್ನೇ ಕಟ್ಟಿಹಾಕುವ ಸಸ್ಯಾಂಶಗಳನ್ನು ಆಂಟಿಬಯಾಟಿಕ್ ಜೊತೆ ಸೇರಿಸಿ ನೋಡುತ್ತಿದ್ದಾರೆ. ನನಗೆ ನಿಜವಾದ ಭರವಸೆ ಕಾಣುವುದು ಇಲ್ಲೇ.

ದೊಡ್ಡ ತೊಡಕೂ ಇದೆ. ನುಂಗಿದ ಬರ್ಬೆರಿನ್‌ನಲ್ಲಿ ರಕ್ತಕ್ಕೆ ಸೇರುವುದು ಶೇ. 1ಕ್ಕಿಂತ ಕಡಿಮೆ. ಲ್ಯಾಬಿನ ತಟ್ಟೆಯಲ್ಲಿ ಗೆದ್ದದ್ದು ಮೈಯೊಳಗೆ ಗೆಲ್ಲಬೇಕಲ್ವಾ?

ಔಷಧಿಗೆ ಬಗ್ಗದ ಟಿಬಿಯಾದರೆ, ಬೆಡಾಕ್ವಿಲಿನ್ ಅನ್ನೋ ಟಿಬಿ ಮಾತ್ರೆ ಸೇರಿದ 6 ತಿಂಗಳ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಶಿಫಾರಸು ಮಾಡಿದೆ. ಜೊತೆಗೆ ಮೂಲಿಕೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಡಾಕ್ಟರಿಗೆ ಹೇಳಿ. ಬರ್ಬೆರಿನ್ ಇದ್ದರೆ ಲಿವರ್ ಕೆಲವು ಮಾತ್ರೆಗಳನ್ನು ನಿಧಾನವಾಗಿ ಕರಗಿಸುತ್ತದೆ, ಆಗ ಅವು ಮೈಯಲ್ಲಿ ಜಾಸ್ತಿ ಹೊತ್ತು ಉಳಿದುಬಿಡುತ್ತವೆ.