ಆದಾಮನ ಲೆಕ್ಕ ಆಮೇಲೆ, ಅಮ್ಮನ ಶುಗರ್ ಮೊದಲು

ಉಡುಪಿ ಕಡೆಯ ಓದುಗಿಯೊಬ್ಬರ ಪತ್ರ ಓದಿ ಮುಗಿಸುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಅವರ ಮೇಲೆ ಸ್ವಲ್ಪ, ಅವರ ಅಂಕಲ್ ಮೇಲೆ ಜಾಸ್ತಿ.

ವಿಷಯ ಇಷ್ಟು. ಈಕೆ ಎಂಎಸ್ಸಿ ಪ್ರಾಣಿಶಾಸ್ತ್ರ ಓದುತ್ತಿದ್ದಾರೆ. ಕಥೋಲಿಕ ಮನೆತನ. ಭಾನುವಾರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮಕ್ಕಳಿಗೆ ದೊತೊರ್ನ್ (ಧರ್ಮಪಾಠ) ಕಲಿಸುತ್ತಾರೆ. ಒಂದು ದಿನ ಹುಡುಗನೊಬ್ಬ, "ಟೀಚರ್, ಆದಾಮ ಡೈನೋಸಾರ್ ನೋಡಿದ್ದನಾ?" ಅಂತ ಕೇಳಿದ. ಇಲ್ಲ ಪುಟ್ಟಾ, ಅವು ಸತ್ತು 6 ಕೋಟಿಗೂ ಹೆಚ್ಚು ವರ್ಷ ಆದಮೇಲೆ ಮನುಷ್ಯ ಬಂದಿದ್ದು ಅಂತ ಇವರು ಇದ್ದದ್ದು ಇದ್ದ ಹಾಗೆ ಹೇಳಿದರು. ಮಾತು ಅಂಕಲ್ ಕಿವಿಗೆ ಬಿತ್ತು. ಅಂಕಲ್ ಅಂದರೆ ಅಮ್ಮನ ಅಣ್ಣ. ಗಲ್ಫ್‌ನಲ್ಲಿ ದುಡಿದು ರಿಟೈರ್ ಆಗಿ ಬಂದು, ಈಗ ಮನೆಮನೆಗಳಲ್ಲಿ ಪ್ರಾರ್ಥನಾ ಕೂಟ ನಡೆಸುತ್ತಾರೆ. ಭೂಮಿಗೆ 6,000 ವರ್ಷ, ವಿಕಾಸವಾದ ಸೈತಾನನ ಪಾಠ ಅಂತ ಊಟದ ಹೊತ್ತಿನಲ್ಲಿ ಗದರಿದರು. ಅಮ್ಮ ಅತ್ತರು. ಅಪ್ಪ ತಲೆ ಎತ್ತದೆ ಮೀನಿನ ಮುಳ್ಳು ಬಿಡಿಸುತ್ತಾ ಕೂತರು. "ನಾನು ಓದು ಬಿಡಲಾ, ಇಗರ್ಜಿ ಬಿಡಲಾ? ಅಥವಾ ಬಿಗ್ ಬ್ಯಾಂಗ್ ಅನ್ನೋದು ಬೈಬಲ್ ಹೇಳಿದ್ದನ್ನೇ ಹೇಳುತ್ತೆ ಅಂತ ಅಂಕಲ್‌ಗೆ ತೋರಿಸಿಕೊಡಲಾ?" ಇದು ಪ್ರಶ್ನೆ.

ಇದಿಷ್ಟೇ ಆಗಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಪತ್ರದ ಕೊನೆ ಪುಟದಲ್ಲಿ, ಹೋಗಲಿ ಪಾಪ ಅನ್ನುವ ಹಾಗೆ ಒಂದು ಸಾಲು ಇದೆ: "ಅಂಕಲ್ ಕೂಟಕ್ಕೆ ಹೋಗಲು ಶುರು ಮಾಡಿದ ಮೇಲೆ ಅಮ್ಮ ಶುಗರ್ ಮತ್ತು ಬಿಪಿ ಮಾತ್ರೆ ನಿಲ್ಲಿಸಿದ್ದಾರೆ, ಆದರೂ ಆರಾಮಾಗಿದ್ದಾರೆ."

ತಂಗಿ, ಆದಾಮನಿಗೆ ನಾಲ್ಕು ಪುಟ, ಅಮ್ಮನಿಗೆ ಒಂದು ಸಾಲಾ?

ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ತಲೆಬಿಸಿ ಇಳಿಸಿಬಿಡುತ್ತೇನೆ, ಅದು ಸುಲಭದ್ದು. ಓದೂ ಬಿಡಬೇಡಿ, ಇಗರ್ಜಿಯೂ ಬಿಡಬೇಡಿ. ನಿಮ್ಮ ಕಥೋಲಿಕ ಧರ್ಮಸಭೆಯೇ ನಿಮ್ಮನ್ನು ಹಾಗೆ ಆರಿಸಿಕೋ ಅಂತ ಕೇಳಿಲ್ಲ. ಮನುಷ್ಯನ ದೇಹ ಹಿಂದಿನ ಜೀವಿಗಳಿಂದ ಬಂದಿರಬಹುದಾ ಅಂತ ವಿದ್ವಾಂಸರು ಹುಡುಕಲಿ, ಅದಕ್ಕೆ ಅಡ್ಡಿಯಿಲ್ಲ, ಆತ್ಮ ಮಾತ್ರ ನೇರವಾಗಿ ದೇವರ ಸೃಷ್ಟಿ ಅಂತ ಪೋಪ್ 12ನೇ ಪಿಯುಸ್ 1950ರಲ್ಲೇ ಬರೆದರು. ವಿಕಾಸವಾದ ಬರೀ ಊಹೆ ಅಲ್ಲ, ಅದಕ್ಕಿಂತ ಹೆಚ್ಚಿನದು ಅಂತ 1996ರಲ್ಲಿ ಪೋಪ್ 2ನೇ ಜಾನ್ ಪಾಲ್ ಒಪ್ಪಿಕೊಂಡರು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂದ ಗೆಲಿಲಿಯೊನನ್ನು 1633ರಲ್ಲಿ ಮಂಡಿಯೂರಿಸಿದ್ದು ಇದೇ ಸಭೆ, ಅದನ್ನು ಯಾರೂ ಮರೆತಿಲ್ಲ. ಆದರೆ ಅಂಕಲ್ ಇನ್ನೂ ಅಲ್ಲೇ ನಿಂತಿದ್ದಾರೆ, ಸಭೆ ಅಲ್ಲಿಂದ ಎದ್ದು ಬಂದು ಎಷ್ಟೋ ಕಾಲವಾಯಿತು.

ಇನ್ನು ಆ 6,000 ವರ್ಷ. ಈ ಲೆಕ್ಕಕ್ಕೆ ದೊಡ್ಡ ಹೆಸರು ತಂದುಕೊಟ್ಟವರು ಐರ್ಲೆಂಡಿನ ಜೇಮ್ಸ್ ಅಷರ್. ಬೈಬಲ್ಲಿನ ವಂಶಾವಳಿ ಕೂಡಿಸಿ, ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಅಂತ 1650ರಲ್ಲಿ ಪ್ರಕಟಿಸಿದರು. ಅವರು ಆರ್ಚ್‌ಬಿಷಪ್ ಹೌದು, ಆದರೆ ಪ್ರೊಟೆಸ್ಟೆಂಟ್ ಸಭೆಯವರು. ಯಾವುದೋ ವಾಟ್ಸಾಪ್ ವಿಡಿಯೋ ನೋಡಿ ಅಂಕಲ್ ಅದನ್ನು ಕಥೋಲಿಕ ವಿಶ್ವಾಸ ಅಂತ ಮನೆಮನೆಗೆ ಹಂಚುತ್ತಿದ್ದಾರೆ. ಈ ಅಂಕಣ ಓದುವವರಿಗೆ ಗೊತ್ತು, ರಿಟೈರ್ ಆದ ಮೇಲೆ ದಿಢೀರನೆ ಪಂಡಿತರಾಗುವ ಗಂಡಸರನ್ನು ಕಂಡರೆ ನನಗೆ ತಾಳ್ಮೆ ಕಡಿಮೆ.

ಹಾಗಂತ ಬಿಗ್ ಬ್ಯಾಂಗ್ ತೋರಿಸಿ ಅವರನ್ನು ಒಪ್ಪಿಸಲು ಹೋಗಬೇಡಿ. ಬ್ರಹ್ಮಾಂಡ ಹಿಗ್ಗುತ್ತಿದೆ ಅಂತ 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲಮೇತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. ಎಲ್ಲವೂ ಒಂದು ಮೂಲ ಕಣದಿಂದ ಹೊರಟಿರಬೇಕು ಅಂತ 1931ರಲ್ಲಿ ಹೇಳಿದ್ದೂ ಅವರೇ, ಬಿಗ್ ಬ್ಯಾಂಗ್ ಸಿದ್ಧಾಂತದ ಬೀಜ ಅದೇ. 1951ರಲ್ಲಿ ಪೋಪ್ ಪಿಯುಸ್ ಇದನ್ನು ಸೃಷ್ಟಿಗೆ ಸಾಕ್ಷಿ ಅನ್ನುವ ಧಾಟಿಯಲ್ಲಿ ಭಾಷಣ ಮಾಡಿದರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ಲಮೇತ್ರ್‌ಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತ ದೇವರಿದ್ದಾನೋ ಇಲ್ಲವೋ ಅನ್ನುವ ಪ್ರಶ್ನೆಯ ಗೊಡವೆಗೇ ಹೋಗುವುದಿಲ್ಲ ಅನ್ನುವುದು ಅವರ ನಿಲುವು. ಪೂಜೆ ಹೇಳುತ್ತಿದ್ದರು, ಸಮೀಕರಣವನ್ನೂ ಬಿಡಿಸುತ್ತಿದ್ದರು, ಒಂದಕ್ಕೆ ಇನ್ನೊಂದರ ಜಾಮೀನು ಕೇಳಲಿಲ್ಲ. ಪೋಪ್ ಹೇಳಿದಾಗಲೇ ಅವರಿಗೆ ಇಷ್ಟವಾಗದ ವಾದವನ್ನು ನೀವು ಅಂಕಲ್ ಮುಂದೆ ಇಡುತ್ತೀರಾ? ಊಟದ ಮೇಜಿನ ಮೇಲೆ ದೇವರನ್ನು ಗೆಲ್ಲಿಸಿದವರೂ ಇಲ್ಲ, ಸೋಲಿಸಿದವರೂ ಇಲ್ಲ. ಅನ್ನ ತಣ್ಣಗಾಗುತ್ತದೆ, ಅಷ್ಟೇ.

ನೀವು ತಳಿಶಾಸ್ತ್ರದಲ್ಲಿ ದಿನಾ ಓದುವ ಮೆಂಡೆಲ್ ಕೂಡ ಮಠದಲ್ಲಿದ್ದ ಸನ್ಯಾಸಿ. ಈಗಿನ ಚೆಕ್ ದೇಶದ ಬ್ರ್ನೋ ಊರಿನ ಮಠದ ತೋಟದಲ್ಲಿ ಸಾವಿರಾರು ಬಟಾಣಿ ಗಿಡ ಬೆಳೆಸಿ ಲೆಕ್ಕ ಇಟ್ಟರು. 1866ರಲ್ಲಿ ಅಚ್ಚಾದ ಅವರ ಪ್ರಬಂಧವನ್ನು 1900ರವರೆಗೆ ಹೆಚ್ಚುಕಡಿಮೆ ಯಾರೂ ಗಮನಿಸಲಿಲ್ಲ. ನಿಮ್ಮ ಮಾತನ್ನೂ ಅಂಕಲ್ ಗಮನಿಸದೆ ಇರಲಿ ಬಿಡಿ, ಏನೂ ನಷ್ಟವಿಲ್ಲ.

ನಷ್ಟ ಆಗುವುದು ಆ ಮಾತ್ರೆಗಳ ವಿಷಯದಲ್ಲಿ. "ಆರಾಮಾಗಿದ್ದಾರೆ" ಅಂತ ಬರೆದಿದ್ದೀರಿ. ಪ್ರಾಣಿಶಾಸ್ತ್ರ ಓದುವ ನೀವು ಇದನ್ನು ಬರೆಯಬಾರದಿತ್ತು. ಬಿಪಿ ಏರಿದರೆ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಶುಗರ್ ಕೂಡ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಕಾಲಿನ ನರ ಕೆಡಿಸುತ್ತದೆ. ಆರಾಮ ಅನ್ನಿಸುವುದು ಯಾವುದಕ್ಕೂ ಸಾಕ್ಷಿ ಅಲ್ಲ. ಭೂಮಿಯ ವಯಸ್ಸು ಅಂಕಲ್ ತಪ್ಪು ಹೇಳಿದರೆ ಭೂಮಿಗೆ ಏನೂ ಆಗುವುದಿಲ್ಲ. ಮಾತ್ರೆ ವಿಷಯದಲ್ಲಿ ಅವರು ತಪ್ಪಿದರೆ ಬೆಲೆ ತೆರುವುದು ನಿಮ್ಮ ಅಮ್ಮ.

ಅಂದಹಾಗೆ, ಅಂಕಲ್‌ಗೆ ಕಳೆದ ವರ್ಷ ಕಣ್ಣಿನ ಪೊರೆ ಆಪರೇಷನ್ ಆಯಿತು ಅಂತ ನೀವೇ ಬರೆದಿದ್ದೀರಿ. ತಮ್ಮ ಕಣ್ಣಿಗೆ ಡಾಕ್ಟರ್, ತಂಗಿಯ ಶುಗರ್‌ಗೆ ಪ್ರಾರ್ಥನೆ! ಬಾಯಿಬಿಟ್ಟು ಮಾತ್ರೆ ನಿಲ್ಲಿಸು ಅಂದರೋ, ಅವರ ಮಾತಿನ ಬಿಸಿಗೆ ಅಮ್ಮನೇ ನಿಲ್ಲಿಸಿದರೋ, ನನಗೆ ಎರಡೂ ಒಂದೇ. ಅಪ್ಪನನ್ನೂ ನಾನು ಬಿಡುವುದಿಲ್ಲ. ಹೆಂಡತಿಯ ಮಾತ್ರೆ ಡಬ್ಬಿ ಖಾಲಿ ಆಗದೆ ಇರುವುದು ಅವರ ಕಣ್ಣಿಗೆ ಬೀಳಲಿಲ್ಲವಾ? ಅಮ್ಮನ ಮೇಲೆ ಮಾತ್ರ ನನಗೆ ಬೇಸರವಿಲ್ಲ. ದಿನಾ ನುಂಗುವ ಮಾತ್ರೆಯಿಂದ ಒಮ್ಮೆ ಬಿಡುಗಡೆ ಸಿಕ್ಕರೆ ಸಾಕು ಅಂತ ಯಾರಿಗೆ ಅನ್ನಿಸಲ್ಲ ಹೇಳಿ.

ಅಮ್ಮನ ಹತ್ತಿರ ಡಾರ್ವಿನ್ ಹೆಸರು ಎತ್ತಬೇಡಿ. ನಿಮ್ಮ ಬೈಬಲ್‌ನಲ್ಲೇ ಸಿರಾಖನ ಗ್ರಂಥ ಇದೆ, 38ನೇ ಅಧ್ಯಾಯ ತೆರೆದು ಅವರಿಂದಲೇ ಓದಿಸಿ. ವೈದ್ಯನಿಗೆ ಸಲ್ಲುವ ಗೌರವ ಕೊಡು, ಅವನನ್ನೂ ದೇವರೇ ಸೃಷ್ಟಿಸಿದ, ಔಷಧಿಯನ್ನು ಮಣ್ಣಿನಿಂದ ಹುಟ್ಟಿಸಿದ್ದೂ ದೇವರೇ ಅನ್ನುವ ಅರ್ಥದ ಮಾತು ಅಲ್ಲಿದೆ. ಪ್ರಾರ್ಥನೆ ಮಾಡು ಅಂತಲೂ ಇದೆ, ವೈದ್ಯನಿಗೆ ಜಾಗ ಬಿಡು ಅಂತಲೂ ಇದೆ, ಒಂದೇ ಉಸಿರಿನಲ್ಲಿ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆ ಆಗಿದ್ದರೆ ಭಾರತದ ಕಥೋಲಿಕ ಬಿಷಪ್‌ಗಳು 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಯಾಕೆ ತೆರೆಯುತ್ತಿದ್ದರು? ಆದರೂ ಅಮ್ಮ ಒಪ್ಪದಿದ್ದರೆ ನಿಮ್ಮ ಇಗರ್ಜಿಯ ವಿಗಾರ್ (ಮುಖ್ಯ ಪಾದ್ರಿ) ಹತ್ತಿರ ಹೋಗಿ ಇದ್ದದ್ದು ಹೇಳಿ, ಮನೆಗೆ ಬಂದು ಒಂದು ಮಾತು ಹೇಳಿ ಅಂತ ಕೇಳಿ. ಅಣ್ಣನ ಮಾತಿಗಿಂತ ಫಾದರ್ ಮಾತಿಗೆ ಅಮ್ಮನ ಹತ್ತಿರ ತೂಕ ಜಾಸ್ತಿ ಇರುತ್ತದೆ.

ನಿಮಗೆ ನಾನು ಹೇಳುವ ಕೆಲಸ ಒಂದೇ. ಈ ವಾರದೊಳಗೆ ಅಮ್ಮನನ್ನು ಅವರನ್ನು ನೋಡುತ್ತಿದ್ದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ಹೋಗಲಿ, ಹಳೇ ಚೀಟಿ ಜೊತೆಗಿರಲಿ. ಎಷ್ಟು ದಿನದಿಂದ ಮಾತ್ರೆ ನಿಲ್ಲಿಸಿದ್ದಾರೆ ಅಂತ ಮುಚ್ಚಿಡದೆ ಹೇಳಿ. ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ನೀವೇ ಶುರು ಮಾಡಿಸಬೇಡಿ, ಎಷ್ಟು ತಗೊಳ್ಳಬೇಕು ಅಂತ ಡಾಕ್ಟರೇ ನೋಡಿ ಹೇಳಲಿ. ಅಪ್ಪ ಕೂಡ ಜೊತೆಗೆ ಬರಲಿ, ಆಟೋದಲ್ಲಿ ಜಾಗ ಇರುತ್ತದೆ.