ಆಟದ ಅಂಗಳ: ಕತೆ ಸರಿ, ಕೈಗೆ ಏನು ಕೆಲಸ?

ನಿಮ್ಮಿಷ್ಟದ ವಿಡಿಯೋ ಗೇಮ್ ಮೇಲಿನ ಪ್ರೀತಿಯಿಂದ ನೀವೇ ಕಟ್ಟಬೇಕೆಂದಿರುವ ಆಟದ ಕಾನ್ಸೆಪ್ಟ್ ಬರೆದು ಕಳಿಸಿ, ಮನಸ್ಸಿಗೆ ಹಿಡಿಸಿದ್ದನ್ನು ಇಲ್ಲಿ ಘೋಷಿಸುತ್ತೇನೆ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರಗಳು ಬಂದಿವೆ. ನಾನಿರುವುದು ಪೊನ್ನಂಪೇಟೆಯಲ್ಲಿ, ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವ ಕೆಲಸ. ಅದಕ್ಕೋ ಏನೋ, ಹೆಚ್ಚಿನ ಪತ್ರಗಳು ಕೊಡಗಿನವೇ. ಬರೆದವರಲ್ಲಿ ಓದುವ ಮಕ್ಕಳು ಜಾಸ್ತಿ. ಹಾಗಾಗಿ ಹೆಸರು ಬಿಟ್ಟು ಊರಷ್ಟೇ ಹಾಕಿದ್ದೇನೆ.

ಪ್ರಶ್ನೆ: ನಾನು ಸೂಪರ್ ಮಾರಿಯೋ ಅಭಿಮಾನಿ. ಮಾರಿಯೋ ಕೊಡಗಿಗೆ ಬರುವ ಆಟ ಯೋಚಿಸಿದ್ದೇನೆ. ಎಂಟು ಲೋಕ. ಮೊದಲನೆಯದು ಕಾಫಿ ತೋಟ. ಕೊನೆಯದು ತಲಕಾವೇರಿ, ಅಲ್ಲಿ ದೊಡ್ಡ ಶತ್ರು. ಎಲ್ಲದರ ಚಿತ್ರ ಬರೆದು ಕಳಿಸಿದ್ದೇನೆ. ಘೋಷಿಸುತ್ತೀರಾ?
— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ಚಿತ್ರಗಳು ತುಂಬಾ ಚೆನ್ನಾಗಿವೆ. ಲೋಕಗಳ ಹೆಸರಿದೆ, ಶತ್ರುಗಳ ಹೆಸರಿದೆ, ಸಂಗೀತ ಹೇಗಿರಬೇಕು ಅಂತಲೂ ಇದೆ. ಆಡುವವರು ಏನು ಮಾಡುತ್ತಾರೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಈ ಸಲ ಬಂದ ಮುಕ್ಕಾಲು ಪಾಲು ಪತ್ರಗಳಲ್ಲಿ ಇದೇ ಕೊರತೆ. ಅದಕ್ಕೇ ನಿಮ್ಮ ಪತ್ರವನ್ನು ಮೊದಲಿಗೆ ಎತ್ತಿಕೊಂಡೆ.

1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಲೆವೆಲ್ ನೆನಪು ಮಾಡಿಕೊಳ್ಳಿ. ಮಾರಿಯೋ ಪರದೆಯ ಎಡಗಡೆ ನಿಂತಿರುತ್ತಾನೆ. ಬಲಗಡೆ ಖಾಲಿ ಜಾಗ. ಯಾರೂ ಹೇಳದಿದ್ದರೂ ಬಲಕ್ಕೇ ಹೋಗುತ್ತೀರಿ. ಗೂಂಬಾ ಅನ್ನುವ ಪುಟ್ಟ ಶತ್ರು ನಿಧಾನಕ್ಕೆ ಎದುರು ಬರುತ್ತದೆ. ಸುಮ್ನೆ ನಿಂತರೆ ಸಾಯುತ್ತೀರಿ. ಹಾರಿದರೆ ಬದುಕುತ್ತೀರಿ. ಅಲ್ಲೇ ಪ್ರಶ್ನೆ ಗುರುತಿನ ಪೆಟ್ಟಿಗೆಗಳಿವೆ. ಕೆಳಗಿನಿಂದ ಹಾರಿ ಗುದ್ದಿದರೆ ಒಳಗಿನಿಂದ ನಾಣ್ಯವೋ ಅಣಬೆಯೋ ಬರುತ್ತದೆ. ಒಂದು ಸಾಲು ಸೂಚನೆ ಇಲ್ಲದೆ ಇಡೀ ಆಟವನ್ನು ಕಲಿಸಿಬಿಟ್ಟರು. ಇಡೀ ಆಟ ನಿಂತಿರುವುದು ಹಾರುವುದರ ಮೇಲೆ. ನಿಮ್ಮ ಕಾಫಿ ತೋಟದಲ್ಲೂ ಮಾರಿಯೋ ಹಾರುತ್ತಾನೆ, ಅಷ್ಟೇ. ಗೋಡೆಯ ಬಣ್ಣ ಬದಲಾಯಿತು, ಆಟ ಬದಲಾಗಲಿಲ್ಲ.

ತೋಟದಲ್ಲಿ ಕೈಗೆ ಬೇರೆ ಕೆಲಸವೇ ಇಲ್ಲವಾ? ಮೆಣಸು ಕುಯ್ಯುವವರನ್ನು ನೋಡಿರುತ್ತೀರಿ. ಒಂಟಿ ಬಿದಿರಿನ ಏಣಿಯನ್ನು ಹೆಗಲ ಮೇಲಿಟ್ಟು ಮರದಿಂದ ಮರಕ್ಕೆ ಹೋಗುತ್ತಾರೆ. ಸಿಲ್ವರ್ ಓಕ್‌ಗೆ ಒರಗಿಸಿ, ಬಳ್ಳಿಗೆ ಪೆಟ್ಟಾಗದ ಹಾಗೆ ಹತ್ತಿ, ಗೊಂಚಲು ಕಿತ್ತು, ಇಳಿದು, ಮತ್ತೆ ಏಣಿ ಹೊರುತ್ತಾರೆ. ನಿಮ್ಮ ಆಟದಿಂದ ಹಾರುವ ಬಟನ್ ತೆಗೆದುಬಿಡಿ. ಅದರ ಬದಲು ಏಣಿ ಕೊಡಿ. ಮೇಲೆ ಹೋಗಲು ಅದೊಂದೇ ದಾರಿ. ಎಲ್ಲಿಗೆ ಹೋದರೂ ಹೊತ್ತುಕೊಂಡೇ ಹೋಗಬೇಕು. ಅದು ಉದ್ದ, ಆದ್ದರಿಂದ ಕಿರಿದಾದ ಕಡೆ ತಿರುಗಲು ಆಗುವುದಿಲ್ಲ. ತೋಡಿಗೆ ಅಡ್ಡ ಹಾಕಿದರೆ ಸೇತುವೆ. ಒದ್ದೆ ನೆಲದಲ್ಲಿ ಬುಡ ಜಾರುತ್ತದೆ. ಏಣಿ ಮೇಲೆಯೇ ಬಿಟ್ಟು ಇಳಿದರೆ ಮುಂದಿನ ಮರ ಹತ್ತಲಾಗುವುದಿಲ್ಲ. ಇಷ್ಟರಲ್ಲೇ ಒಳ್ಳೆಯ ಹತ್ತು ಹದಿನೈದು ಲೆವೆಲ್ ಹುಟ್ಟುತ್ತವೆ. ಮಾರಿಯೋನಿಂದ ಕಲಿತ ಪಾಠವೂ ಉಳಿಯುತ್ತದೆ. ಅಂದರೆ ಮಾತಿಲ್ಲದೆ, ಜಾಗದಿಂದಲೇ ಕಲಿಸುವುದು.

ಇನ್ನೊಂದು. ತಲಕಾವೇರಿಯಲ್ಲಿ ಶತ್ರುವನ್ನು ನಿಲ್ಲಿಸಿ ಹೊಡೆದಾಡಿಸುವುದು ಬೇಡ. ಅದು ಕಾವೇರಿ ತೀರ್ಥದ ಜಾಗ. ಕೊನೆಯ ಲೆವೆಲ್‌ಗೆ ಅತಿ ಎತ್ತರದ ಮರ ಸಾಕು. ಏಣಿ ಆಟವನ್ನು ಬರೆದು ಕಳಿಸಿ, ಖಂಡಿತ ಘೋಷಿಸುತ್ತೇನೆ.

ಪ್ರಶ್ನೆ: ಅಭಿಮಾನಿಗಳೇ ಮಾಡುವ ಫ್ಯಾನ್ ಗೇಮ್‌ಗೆ ದುಡ್ಡು ತಗೊಳ್ಳದಿದ್ದರೆ ಕಂಪನಿಯವರು ಏನೂ ಮಾಡುವ ಹಾಗಿಲ್ಲ ಅಲ್ವಾ?
— ಗೋಣಿಕೊಪ್ಪಲಿನ ಓದುಗ

ಉತ್ತರ: ಮಾಡಬಹುದು. ಪುಕ್ಕಟೆ ಕೊಟ್ಟರೂ ಪಾತ್ರ, ಚಿತ್ರ, ಸಂಗೀತ, ಹೆಸರು ಅವರದೇ.

2016ರ ಆಗಸ್ಟ್ ಒಂದರಲ್ಲೇ ಎರಡು ಉದಾಹರಣೆ ಸಿಗುತ್ತವೆ. ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ತಿ ಅನ್ನುವವರು 1991ರ ಗೇಮ್ ಬಾಯ್ ಆಟ ಮೆಟ್ರಾಯ್ಡ್ 2 ಅನ್ನು ವರ್ಷಾನುಗಟ್ಟಲೆ ಕೂತು ಹೊಸದಾಗಿ ಕಟ್ಟಿದರು. ಹೆಸರು ಎಎಂ2ಆರ್. ಮೆಟ್ರಾಯ್ಡ್‌ಗೆ 30 ವರ್ಷ ತುಂಬಿದ ದಿನ ಬಿಡುಗಡೆ ಮಾಡಿದರು. ಸ್ವಲ್ಪ ದಿನದಲ್ಲೇ ಮೂಲ ಆಟದ ಕಂಪನಿ ನಿಂಟೆಂಡೊ ಅದರ ಡೌನ್‌ಲೋಡ್ ನಿಲ್ಲಿಸಿತು. ಅದೇ ತಿಂಗಳು ಪೊಕೆಮಾನ್ ಯುರೇನಿಯಂ ಬಂತು, ಒಂಬತ್ತು ವರ್ಷದ ದುಡಿಮೆ. ನಿಂಟೆಂಡೊ ವಕೀಲರ ನೋಟಿಸ್ ಬಂದ ಮೇಲೆ ಮಾಡಿದವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು.

ಎಲ್ಲ ಕಂಪನಿಗಳೂ ಹೀಗಲ್ಲ. ಸಿಂಗಪುರದ ಅಭಿಮಾನಿಯೊಬ್ಬರು ಮಾಡಿದ 'ಸ್ಟ್ರೀಟ್ ಫೈಟರ್ ಎಕ್ಸ್ ಮೆಗಾ ಮ್ಯಾನ್' ಆಟವನ್ನು 2012ರಲ್ಲಿ ಕ್ಯಾಪ್‌ಕಾಮ್ ತಾನೇ ಮುಂದೆ ನಿಂತು ಉಚಿತವಾಗಿ ಹಂಚಿತು. ಸೋನಿಕ್‌ನ ಫ್ಯಾನ್ ಗೇಮ್ ಮಾಡುತ್ತಿದ್ದ ಕ್ರಿಶ್ಚಿಯನ್ ವೈಟ್‌ಹೆಡ್ ಅವರಿಗೆ ಸೆಗಾ ಕೆಲಸವನ್ನೇ ಕೊಟ್ಟಿತು. 2017ರ ಸೋನಿಕ್ ಮೇನಿಯಾ ಅವರ ಮುಂದಾಳತ್ವದ್ದು. ಗ್ವಾಸ್ತಿ ಅವರ ದುಡಿಮೆಯೂ ನೀರುಪಾಲಾಗಲಿಲ್ಲ. 2020ರ 'ಓರಿ ಅಂಡ್ ದ ವಿಲ್ ಆಫ್ ದ ವಿಸ್ಪ್ಸ್' ಆಟಕ್ಕೆ ಅವರು ಲೆವೆಲ್ ಡಿಸೈನರ್ ಆದರು.

ಆದರೆ ಯಾವ ಕಂಪನಿ ಯಾವಾಗ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರ ಮೇಲೆ ಒಂಬತ್ತು ವರ್ಷ ಹೂಡಬೇಡಿ. ನಮ್ಮ ಕಾನೂನಿನಲ್ಲೂ ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಅದನ್ನು ತೋರಿಸಿದ ರೀತಿಗೆ ಇದೆ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಹಾರಿ ಹಾರಿ ಹೋಗುವ ಆಟ ಯಾರು ಬೇಕಾದರೂ ಮಾಡಬಹುದು. ಕೆಂಪು ಟೋಪಿಯ ಮಾರಿಯೋನನ್ನು ಹಾಕುವ ಹಾಗಿಲ್ಲ. ಕಲಿಯುವ ಹಂತದಲ್ಲಿ, ನಿಮ್ಮ ಕಂಪ್ಯೂಟರ್‌ನಲ್ಲೇ ಇಟ್ಟುಕೊಂಡು ಮಾರಿಯೋ ಬಳಸಿ ಅಭ್ಯಾಸ ಮಾಡಿದರೆ ನಿಮ್ಮ ಮನೆಗೆ ಯಾರೂ ಬರುವುದಿಲ್ಲ. ಊರಿಗೆ ಹಂಚುವಾಗ ನಿಮ್ಮದೇ ಹೆಸರು, ನಿಮ್ಮದೇ ಚಿತ್ರ, ನಿಮ್ಮದೇ ಸಂಗೀತ ಇರಲಿ.

ಪ್ರಶ್ನೆ: ನಮ್ಮ ಮಾವನ ಮನೆಯ ಹಳೇ ಕಂಪ್ಯೂಟರ್‌ನಲ್ಲಿ 'ದಿ ಇನ್‌ಕ್ರೆಡಿಬಲ್ ಮಷೀನ್' ಆಡಿ ಬೆಳೆದವನು ನಾನು. ಈಗ ವೆಲ್ಡಿಂಗ್ ಕೆಲಸ. ವರ್ಷಾ ವರ್ಷ ದಸರಾ ಮಂಟಪಕ್ಕೆ ದುಡಿಯುತ್ತೇನೆ. ದೇವಿಯ ತ್ರಿಶೂಲ ಏಳಬೇಕು, ಆಮೇಲೆ ಸಿಂಹ ಬಾಯಿ ತೆರೆಯಬೇಕು, ಆಮೇಲೆ ಮಹಿಷ ಬೀಳಬೇಕು. ಇದನ್ನೆಲ್ಲ ಮೋಟಾರು, ರಾಟೆ, ಹಗ್ಗ, ಸರಪಳಿಯಲ್ಲಿ ಆಟಗಾರ ಜೋಡಿಸಬೇಕು. ಇದು ಗೇಮ್ ಆಗುತ್ತಾ ಸಾರ್?
— ಮಡಿಕೇರಿ

ಉತ್ತರ: ಆಗುತ್ತದೆ! ಈ ಸಂಚಿಕೆಯಲ್ಲಿ ನಾನು ಖುಷಿಯಿಂದ ಘೋಷಿಸುತ್ತಿರುವ ಕಾನ್ಸೆಪ್ಟ್ ಇದೇ. ಹೆಸರು ನೀವು ಇಟ್ಟಿಲ್ಲ. ಸದ್ಯಕ್ಕೆ 'ಮಂಟಪ' ಅನ್ನೋಣ.

ಹೊರಗಿನ ಓದುಗರಿಗೆ ಎರಡು ಮಾತು. ಮಡಿಕೇರಿ ದಸರಾದಲ್ಲಿ ನಾಲ್ಕು ಮಾರಿಯಮ್ಮ, ಶಕ್ತಿ ಗುಡಿಗಳ ಕರಗ ಹೊರಡುತ್ತವೆ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ ಬೀದಿಗೆ ಬರುತ್ತವೆ. ಟ್ರ್ಯಾಕ್ಟರ್ ಎಳೆಯುವ ವೇದಿಕೆಯ ಮೇಲೆ ಆಳೆತ್ತರಕ್ಕಿಂತ ದೊಡ್ಡ ದೇವರು, ರಾಕ್ಷಸರು. ಅವು ಕೈ ಎತ್ತುತ್ತವೆ, ತಲೆ ತಿರುಗಿಸುತ್ತವೆ, ಬೀಳುತ್ತವೆ. ಲೈಟು, ಹೊಗೆ, ಸದ್ದು. ಬೆಳಗಾಗುವ ತನಕ ಜನ ನಿಂತು ನೋಡುತ್ತಾರೆ. 1993ರ ಇನ್‌ಕ್ರೆಡಿಬಲ್ ಮಷೀನ್‌ನಲ್ಲೂ ಚೆಂಡು, ಹಗ್ಗ, ರಾಟೆ, ಬೋನಿನೊಳಗೆ ಓಡಿ ಚಕ್ರ ತಿರುಗಿಸುವ ಇಲಿ, ಇವನ್ನು ಜೋಡಿಸಿಟ್ಟು ಬಟನ್ ಒತ್ತಿ ನೋಡುವುದೇ ಆಟ. ಎರಡರ ಜೀವವೂ ಒಂದೇ ಅಂತ ನಿಮಗೆ ಹೊಳೆದಿದೆಯಲ್ಲ, ಅದು ದೊಡ್ಡದು.

ಇನ್ನು ಆಟ ಹೇಗೆ ನಡೆಯಬೇಕು ಅನ್ನುವುದಕ್ಕೆ ಬರೋಣ. ಪ್ರತಿ ಲೆವೆಲ್‌ನಲ್ಲಿ ಒಂದು ಕತೆಯ ತುಣುಕು ಕೊಡಿ, ಯಾವುದಾದ ಮೇಲೆ ಯಾವುದು ಅಂತ. ಆಟಗಾರ ಶೆಡ್ಡಿನೊಳಗೆ ಕೂತು ವೇದಿಕೆಯ ಅಡಿಯಲ್ಲಿ ಯಂತ್ರ ಜೋಡಿಸುತ್ತಾನೆ. ಶೆಡ್ಡಿನ ನೆಲ ಸಮತಟ್ಟು. ಆದರೆ ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಎಲ್ಲಿದೆ? ಟ್ರ್ಯಾಕ್ಟರ್ ಏರು ಹತ್ತಿದ ಕೂಡಲೇ ಇಡೀ ವೇದಿಕೆ ವಾಲುತ್ತದೆ. ತೂಕ ಕಟ್ಟಿದ ಹಗ್ಗ ಪಕ್ಕಕ್ಕೆ ಸರಿಯುತ್ತದೆ, ರಾಟೆಯಿಂದ ತಪ್ಪುತ್ತದೆ. ಶೆಡ್ಡಿನಲ್ಲಿ ಸರಿಯಾಗಿ ಎದ್ದ ತ್ರಿಶೂಲ ಏರಿನಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ನಿಮ್ಮ ಪತ್ರದಲ್ಲಿ ಇದು ಒಂದೇ ಸಾಲಿನಲ್ಲಿದೆ, "ಏರಲ್ಲಿ ಎಲ್ಲ ಕೈಕೊಡುತ್ತೆ ಸಾರ್" ಅಂತ. ನನ್ನ ಪ್ರಕಾರ ಆಟದ ಮುಖ್ಯ ನಿಯಮವೇ ಅದು. ಅದನ್ನು ಮೊದಲ ಲೆವೆಲ್‌ನಲ್ಲೇ ತೋರಿಸಿ.

ಎರಡನೆಯದು ಜನರೇಟರ್. ಇಂತಿಷ್ಟೇ ಕರೆಂಟು. ಸಿಂಹದ ಬಾಯಿಯ ಮೋಟಾರು, ಹೊಗೆ ಯಂತ್ರ, ಲೈಟು ಮೂರೂ ಒಟ್ಟಿಗೆ ಓಡಿದರೆ ಎಲ್ಲವೂ ನಿಧಾನವಾಗಬೇಕು. ಆಗ ಆಟಗಾರ ಯೋಚನೆ ಮಾಡುತ್ತಾನೆ, ಯಾವುದನ್ನು ಮೋಟಾರಿಗೆ ಕೊಡಲಿ, ಯಾವುದನ್ನು ಬರೀ ತೂಕದಿಂದ ಬೀಳಿಸಲಿ ಅಂತ. ಮಹಿಷ ಬೀಳುವುದಕ್ಕೆ ಕರೆಂಟು ಬೇಡ ನೋಡಿ. ಕೊಕ್ಕೆ ಬಿಚ್ಚಿದರೆ ಸಾಕು.

ಮೂರನೆಯದು ಕೈಯಾಳು. ವೇದಿಕೆಯೊಳಗೆ ಇಬ್ಬರು ಹುಡುಗರನ್ನು ಕೂರಿಸುವ ಅವಕಾಶ ಕೊಡಿ. ಒಬ್ಬ ಒಂದು ಸನ್ನೆಗೋಲು ಮಾತ್ರ ಎಳೆಯಬಲ್ಲ. ಪ್ರದರ್ಶನ ಶುರುವಾದ ಮೇಲೆ ಆಟಗಾರನ ಕೈಯಲ್ಲಿರುವುದು ಆ ಇಬ್ಬರೇ. ಏನೋ ಸಿಕ್ಕಿಕೊಂಡಿತು ಅಂದರೆ ಒಬ್ಬನನ್ನು ಅಲ್ಲಿಗೆ ಓಡಿಸಬೇಕು, ಆಗ ಅವನ ಜಾಗ ಖಾಲಿ. ಈ ಓಟದಲ್ಲಿ ಬಹಳ ಮಜಾ ಇದೆ. ಮೂಲ ಆಟದಲ್ಲಿ ಇದು ಇರಲಿಲ್ಲ. ಇದು ನಿಮ್ಮದೇ ಆಗುತ್ತದೆ.

ಬೇರೆ ಮಂಟಪದ ವೈರು ಕಿತ್ತು ಅವರ ಲೈಟು ಕೆಡಿಸುವ ಲೆವೆಲ್ ಒಂದನ್ನು ಬರೆದಿದ್ದೀರಿ. ಅದನ್ನು ಬಿಡಿ. ಹತ್ತು ಮಂಟಪದ ನಡುವೆ ಪೈಪೋಟಿ ಇರಲಿ, ಅದು ಕೆಲಸದಲ್ಲಿ ತೋರಲಿ. ನಿಜವಾದ ದೇವಸ್ಥಾನಗಳ ಹೆಸರಿನ ಬದಲು ಆಟಗಾರನೇ ಹೆಸರಿಡಲಿ.

ಈಗಲೇ ಹತ್ತು ಮಂಟಪ ಕಟ್ಟಲು ಹೋಗಬೇಡಿ. ಒಂದು ತ್ರಿಶೂಲ, ಒಂದು ರಾಟೆ, ಒಂದು ಹಗ್ಗ, ವಾಲುವ ಒಂದು ಹಲಗೆ. ಇಷ್ಟು ಓಡಿದ ದಿನ ನನಗೆ ಕಳಿಸಿ. ಕೋಡ್ ಬರೆಯಬಲ್ಲ ಓದುಗರು ಮಡಿಕೇರಿ ಕಡೆ ಇದ್ದರೆ ಪತ್ರಿಕೆಗೆ ಬರೆಯಿರಿ, ಇವರ ಜೊತೆ ಸೇರಿಸುತ್ತೇನೆ. ಕಬ್ಬಿಣ ಹೇಗೆ ಬಾಗುತ್ತದೆ ಅಂತ ಗೊತ್ತಿರುವವರು ಆಟ ಮಾಡುವುದು ಅಪರೂಪ.

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ನೋಟ್‌ಬುಕ್ ತುಂಬಾ ಗೇಮ್ ಐಡಿಯಾ ಬರೆಯುತ್ತಾನೆ. ಒಂದನ್ನೂ ಮುಗಿಸುವುದಿಲ್ಲ. ಬಿಡಿಸಬೇಕಾ?
— ತಾಯಿ, ಕುಶಾಲನಗರ

ಉತ್ತರ: ಬೇಡ ಅಕ್ಕಾ. ಬರೆಯಲಿ. ಯಾವುದಾದರೂ ಒಂದು ಐಡಿಯಾವನ್ನು ಹಾಳೆ, ಕಾಳು, ದಾಳ ಇಟ್ಟುಕೊಂಡು ನಿಮ್ಮ ಜೊತೆ ಆಡಿಸಲು ಹೇಳಿ. ಆಡುತ್ತಾ ನಿಮಗೆ ಎಲ್ಲಿ ಬೇಜಾರಾಯಿತು ಅಂತ ಅವನಿಗೆ ನೇರವಾಗಿ ಹೇಳಿ. ಆಮೇಲೆ ಸ್ಕ್ರ್ಯಾಚ್ ಕಲಿಸಿ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು, 2007ರಿಂದ ಇದೆ, ಉಚಿತ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಅಂಟಿಸಿಯೇ ಪ್ರೋಗ್ರಾಂ ಮಾಡಬಹುದು.

ಪ್ರಶ್ನೆ: ನಾನು 'ಥೀಫ್' ಆಟದ ಅಭಿಮಾನಿ. ಅದೇ ಥರ ಕತ್ತಲಲ್ಲಿ ಅಡಗಿ ನಡೆಯುವ ಹಾರರ್ ಗೇಮ್ ಮಾಡಬೇಕು. ಕಾಫಿ ತೋಟ, ರಾತ್ರಿ, ದೆವ್ವದಂಥ ಕಾಡಾನೆ ಅಟ್ಟಿಸಿಕೊಂಡು ಬರುತ್ತದೆ. ಕೊನೆಗೆ ಕೋವಿ ಸಿಗುತ್ತದೆ.
— ಪದವಿ ವಿದ್ಯಾರ್ಥಿನಿ, ಸಿದ್ದಾಪುರ

ಉತ್ತರ: ಸಿದ್ದಾಪುರದವರಿಗೆ ಆನೆ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ತೋಟದ ದಾರಿಯಲ್ಲೇ ಸತ್ತಿದ್ದಾರೆ. ಆನೆಗಳೂ ಸಾಯುತ್ತಿವೆ. ಹಾಗಾಗಿ ನನ್ನ ವಿನಂತಿ ಇಷ್ಟೇ, ದೆವ್ವ ಬೇಡ, ಕೋವಿಯೂ ಬೇಡ. ಎರಡೂ ಹೋದರೆ ಆಟದ ಭಯ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ.

1998ರ ಥೀಫ್‌ನ ಹೆಚ್ಚುಗಾರಿಕೆ ಇರುವುದು ಸದ್ದಿನಲ್ಲಿ. ಲೋಹದ ಮೇಲೆ ನಡೆದರೆ ಕಾವಲುಗಾರನಿಗೆ ಕೇಳುತ್ತದೆ, ಕಂಬಳಿ ಮೇಲೆ ನಡೆದರೆ ಕೇಳುವುದಿಲ್ಲ. ನೀವು ಸದ್ದಿನ ಜೊತೆಗೆ ವಾಸನೆ ಸೇರಿಸಿ. ಆನೆಗೆ ಕಣ್ಣಿಗಿಂತ ಮೂಗು ಚುರುಕು. ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದನ್ನು ಎಲೆ, ಮಂಜು ನೋಡಿ ಆಟಗಾರ್ತಿಯೇ ತಿಳಿಯಬೇಕು. ಗಾಳಿ ತಿರುಗಿದರೆ ಅಡಗಿದ ಜಾಗ ಕೆಲಸಕ್ಕೆ ಬರುವುದಿಲ್ಲ. ಕಾಫಿ ಗಿಡದ ಸಾಲಿನಲ್ಲಿ ನಾಲ್ಕು ಹೆಜ್ಜೆ ಮುಂದೆ ಏನಿದೆ ಅಂತ ಕಾಣದು. ಆನೆ ನಡೆದರೆ ಸದ್ದೇ ಬರದು. ಕೊಂಬೆ ಮುರಿದ ಸದ್ದು, ಹಲಸಿನ ಹಣ್ಣಿನ ವಾಸನೆ, ಹಸಿ ಲದ್ದಿ, ಇವೇ ಸುಳಿವು. ಫೋನಿಗೆ ಆನೆ ಇರುವ ಜಾಗದ ಎಸ್‌ಎಂಎಸ್ ಬರಲಿ, ಆದರೆ ನೆಟ್‌ವರ್ಕ್ ದಿಬ್ಬದ ಮೇಲೆ ಮಾತ್ರ ಸಿಗಲಿ. ದಿಬ್ಬ ಹತ್ತಿದರೆ ಸುದ್ದಿ ಸಿಗುತ್ತದೆ, ಆದರೆ ನಿಮ್ಮ ವಾಸನೆ ಊರಿಗೆಲ್ಲ ಹರಡುತ್ತದೆ.

ಗೆಲ್ಲುವುದು ಅಂದರೆ ತೋಟದ ಕೆಲಸಗಾರರ ಲೈನ್‌ಮನೆಯಿಂದ ಬಸ್ ನಿಲ್ದಾಣಕ್ಕೆ ತಲುಪುವುದು, ಅಷ್ಟೇ. ಆನೆ ತನ್ನ ದಾರಿಯಲ್ಲಿ, ಮರಿಯ ಜೊತೆ, ನೀರಿಗೆ ಹೋಗುತ್ತಿರುತ್ತದೆ. ನಿಮ್ಮ ಪಾತ್ರಧಾರಿ ಅದಕ್ಕೆ ದಾರಿ ಬಿಡಬೇಕು. ಹೀಗೆ ತಿದ್ದಿದರೆ ಮುಂದಿನ ಸಂಚಿಕೆಯ ಘೋಷಣೆ ನಿಮ್ಮದೇ.

ಪ್ರಶ್ನೆ: ಆಟದೊಳಗೆ ಕನ್ನಡ ಅಕ್ಷರ ಹಾಕಿದರೆ ಒತ್ತಕ್ಷರ ಒಡೆದು ಹೋಗುತ್ತದೆ. ಗೇಮ್ ಕಟ್ಟುವ ಸಾಫ್ಟ್‌ವೇರ್ ಗೋಡೋ 3 ಬಳಸುತ್ತೇನೆ. ಏನು ಮಾಡಲಿ?
— ಸೋಮವಾರಪೇಟೆ

ಉತ್ತರ: ಗೋಡೋ 4ಕ್ಕೆ ಬದಲಾಯಿಸಿ. 2023ರಲ್ಲಿ ಬಂದ ಈ ಆವೃತ್ತಿಯಲ್ಲಿ ಅಕ್ಷರ ಜೋಡಿಸುವ ಭಾಗವನ್ನೇ ಹೊಸದಾಗಿ ಬರೆದಿದ್ದಾರೆ. ಕ್ಷ, ತ್ತ, ಸ್ತ್ರೀ ಎಲ್ಲ ಸರಿ ಬರುತ್ತವೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಉಚಿತ, ಅದನ್ನು ಪ್ರಾಜೆಕ್ಟ್ ಫೋಲ್ಡರ್‌ನೊಳಗೇ ಇಟ್ಟು ಥೀಮ್‌ನಲ್ಲಿ ಆರಿಸಿ. ಗೋಡೋ ಕೂಡ ಉಚಿತ, ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಜುಲೈ ಮಳೆಯಲ್ಲಿ ನಮಗೆ ಬೇಕಾದದ್ದೂ ಅದೇ ಅಲ್ವಾ? ಹಳೆಯ ಪ್ರಾಜೆಕ್ಟನ್ನು 4ರಲ್ಲಿ ತೆರೆಯುವ ಮೊದಲು ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಬದಲಾದ ಮೇಲೆ ಅದು 3ರಲ್ಲಿ ತೆರೆಯುವುದಿಲ್ಲ. ಕೆಲವು ಕೋಡ್ ಸಾಲುಗಳನ್ನು ಕೈಯಾರೆ ತಿದ್ದಬೇಕಾಗುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಆ ಸಾಲನ್ನೂ ಬಂದ ಎರರ್ ಸಂದೇಶವನ್ನೂ ಹಾಗೇ ಬರೆದು ಕಳಿಸಿ.