ಅಡಿಕೆ ಮರದಿಂದ ಬಿದ್ದ ತಮ್ಮನಿಗೆ ಅಂಗವಿಕಲರ ಪಗಾರ (ಪಿಂಚಣಿ) ಸಿಗುತ್ತದೆಯೇ?

ಸಿಗಬೇಕು. ಆದರೆ ನೀವು ಬರೆದದ್ದರಲ್ಲಿ ಒಂದು ಮಾತು ಓದಿ ನನಗೆ ಸ್ವಲ್ಪ ಹೆದರಿಕೆಯಾಯಿತು. ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ.

ನೀವು ಹೇಳಿದ್ದು ಇಷ್ಟು: ಶಿರಸಿ ಹತ್ತಿರದ ಹಳ್ಳಿ. ತಮ್ಮ 34 ವರ್ಷದವ, ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವ. ಹೋದ ವರ್ಷದ ಕೊನೆಕೊಯ್ಲಿನಲ್ಲಿ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ತಂದೆಗೆ ಆಗಲೇ ಸಂಧ್ಯಾ ಸುರಕ್ಷಾ (ವಯಸ್ಸಾದವರ ಪಿಂಚಣಿ) ಬರುತ್ತಿದೆ, ಒಂದೇ ಮನೆಗೆ ಎರಡು ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. 'ಬಿಪಿಎಲ್ ಕಾರ್ಡ್ ಹೇಗೂ ಇದೆ, ಆದಾಯದ ಪ್ರಶ್ನೆ ಬರಲಿಕ್ಕಿಲ್ಲ.'

ಹೆದರಿಕೆಯಾದದ್ದು ಆ ಕೊನೆಯ ಸಾಲು ಓದಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಘಟ್ಟದ ಕೆಳಗಿನವ, ಅಂಕೋಲಾ ತಾಲೂಕು. ಎರಡು ವರ್ಷದವನಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತು. ಪೋಸ್ಟ್‌ಮನ್ ಮನೆ ಬಾಗಿಲಿಗೆ ಮನಿಯಾರ್ಡರ್ ತಂದುಕೊಡುತ್ತಿದ್ದ ಕಾಲದಿಂದ ಈ ಪಗಾರ ತೆಗೆದುಕೊಳ್ಳುತ್ತಿದ್ದೇನೆ. ಊರಲ್ಲಿ ಯಾರಿಗೆ ಅರ್ಜಿ ತುಂಬಬೇಕಾದರೂ ನನ್ನ ಜಗುಲಿಗೇ ಬರುತ್ತಾರೆ. ಹಾಗೆ ಬಂದವರ ಕಾಗದ ನೋಡಿ ನೋಡಿ ನನಗೆ ತಿಳಿದದ್ದು ಒಂದೇ. ಸರ್ಕಾರ ಈ ಹಣ ಕೊಡುವುದು ನಮ್ಮ ಕಷ್ಟ ನೋಡಿ ಅಲ್ಲ, ಎರಡು ಅಂಕೆ ನೋಡಿ. ಒಂದು ಡಾಕ್ಟರು ಬರೆಯುವ ಶೇಕಡಾ, ಇನ್ನೊಂದು ತಹಶೀಲ್ದಾರರ ಸಹಿ ಬೀಳುವ ಆದಾಯ. ಈ ಎರಡು ಸರಿ ಕೂತರೆ ಉಳಿದದ್ದೆಲ್ಲ ಬರೀ ಓಡಾಟ.

ಮೊದಲು ಶೇಕಡಾ. 40ರ ಕೆಳಗಿದ್ದರೆ ಏನೂ ಇಲ್ಲ. 40ರಿಂದ 75ರ ಒಳಗೆ ತಿಂಗಳಿಗೆ 800 ರೂಪಾಯಿ. 2021ರವರೆಗೆ ಇದು 600 ಇತ್ತು. 75 ದಾಟಿದರೆ 1,400. ಬುದ್ಧಿಮಾಂದ್ಯತೆ ತೀವ್ರವಾಗಿದ್ದವರಿಗೆ 2,000. ಕೇಂದ್ರ ಸರ್ಕಾರದ್ದು ಬೇರೆ ಇದೆ ಎಂದು ಯಾರಾದರೂ ಹೇಳಿದರೆ ಅದೂ ಸುಳ್ಳಲ್ಲ: ಶೇ 80ರ ಮೇಲಿದ್ದು, 18 ತುಂಬಿ, ಬಡತನ ರೇಖೆಯ ಕೆಳಗಿದ್ದವರಿಗೆ ಇಂದಿರಾ ಗಾಂಧಿ ಹೆಸರಿನ ಯೋಜನೆಯಲ್ಲಿ ತಿಂಗಳಿಗೆ 300. ಆದರೆ ಅದು ಈ 1,400ರ ಹೊಟ್ಟೆಯೊಳಗೇ ಸೇರಿದ್ದು. ಎರಡು ಕೂಡಿಸಿ 1,700 ಅಂತ ಲೆಕ್ಕ ಹಾಕಬೇಡಿ.

ನಿಮ್ಮ ತಮ್ಮನ ಎರಡೂ ಕಾಲು ಸ್ವಾಧೀನ ತಪ್ಪಿದ್ದರೆ 75 ದಾಟುವುದು ಕಷ್ಟವಲ್ಲ. ಆದರೂ ಇದನ್ನು ಹಗುರ ಮಾಡಬೇಡಿ, ಯಾಕೆಂದರೆ ಡಾಕ್ಟರ ಅಳತೆ ನಮ್ಮ ಅಳತೆಯಂತಲ್ಲ. ನಮ್ಮೂರಿನ ಬೋಟಿನವನೊಬ್ಬನಿಗೆ ಗಾಳ ತಾಗಿ ಒಂದು ಕಣ್ಣು ಪೂರ್ತಿ ಹೋಯಿತು. ಪಗಾರ ಸಿಕ್ಕೇ ಸಿಗುತ್ತದೆ ಅಂದುಕೊಂಡು ಹೋದ. ಬರೆದುಕೊಟ್ಟದ್ದು ಶೇ 30. ಇನ್ನೊಂದು ಕಣ್ಣು ಸರಿ ಇದ್ದರೆ ನಿಯಮದಲ್ಲಿ ಇರುವುದೇ ಅಷ್ಟು. ಇನ್ನೊಬ್ಬರು ನಮ್ಮ ಸೋದರತ್ತೆ, ಕಾಲಿಗೆ 40, ಕಿವಿಗೆ 35. ಕೂಡಿಸಿದರೆ 75 ಆಯಿತಲ್ಲ, 1,400 ಬರುತ್ತದೆ ಎಂದು ಮನೆಯವರೆಲ್ಲ ಖುಷಿಯಲ್ಲಿದ್ದರು. ಅಲ್ಲಿ ಹಾಗೆ ಕೂಡಿಸುವುದಿಲ್ಲ. ದೊಡ್ಡ ಅಂಕೆಯನ್ನು 90ರಿಂದ ಕಳೆಯಬೇಕು, ಉಳಿದದ್ದನ್ನು ಸಣ್ಣ ಅಂಕೆಯಿಂದ ಗುಣಿಸಿ 90ರಿಂದ ಭಾಗಿಸಬೇಕು, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. 40ಕ್ಕೆ 35 ಸೇರಿಸಿದರೆ 59 ಚಿಲ್ಲರೆ. ಅತ್ತೆಗೆ 800. 'ನನಗೆ ಕಲಿಸಿದ ಮಾಸ್ತರು ಬೇರೆ ಲೆಕ್ಕ ಹೇಳಿದ್ದರು' ಅಂದರು ಅತ್ತೆ, ಆಸ್ಪತ್ರೆ ಬಾಕಿನ ಮೇಲೆ ಕೂತು.

ತಮ್ಮನಿಗೆ ಹೇಳಬೇಕಾದ ಒಂದು ಮಾತಿದೆ, ನೀವು ಅಕ್ಕನಾದರೆ ನಾಚಿಕೆ ಆದೀತು, ಬೇಕಾದರೆ ಬೇರೆ ಗಂಡಸರ ಕೈಲಿ ಹೇಳಿಸಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಮೂತ್ರ ತಡೆಯುವ, ಬಿಡುವ ಹಿಡಿತ ತಪ್ಪಿರುತ್ತದೆ. ಅದಕ್ಕೂ ಅಳತೆ ಇದೆ, ಅದನ್ನೂ ಹಿಡಿಯುತ್ತಾರೆ. ಆದರೆ ಗಂಡಸರು ಕಾಲು ತೋರಿಸಿ ಸುಮ್ಮನಾಗುತ್ತಾರೆ. ಕೇಳಿದರೂ 'ಅದೆಲ್ಲ ಸರಿ ಇದೆ' ಅನ್ನುತ್ತಾರೆ. ಪೈಪು ಹಾಕಿದ್ದರೆ ಹಾಕಿದ್ದು, ಬಟ್ಟೆ ಕಟ್ಟುತ್ತಿದ್ದರೆ ಕಟ್ಟುತ್ತಿದ್ದದ್ದು, ಬಿಚ್ಚಿ ಹೇಳಲಿ. ಆಸ್ಪತ್ರೆಯಿಂದ ಕಳಿಸುವಾಗ ಕೊಟ್ಟ ಡಿಸ್ಚಾರ್ಜ್ ಕಾಗದ, ಎಮ್‌ಆರ್‌ಐ ವರದಿ, ಎಕ್ಸ್‌ರೇ ಎಲ್ಲ ಅಸಲು ಒಯ್ಯಿರಿ. ಬಾಯಿಮಾತಿಗಿಂತ ಅದಕ್ಕೆ ತೂಕ.

ಪ್ರಮಾಣಪತ್ರ ಈಗ ಕೈಬರಹದ್ದು ನಡೆಯುವುದಿಲ್ಲ. 2021ರ ಜೂನ್‌ನಿಂದ ಎಲ್ಲ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಮೂಲಕವೇ. ಸ್ವಾವಲಂಬನ್ ಎಂಬ ಜಾಲತಾಣದಲ್ಲಿ ಆಧಾರ್, ಫೋಟೋ ಹಾಕಿ ಅರ್ಜಿ ತುಂಬಬೇಕು, ಆಸ್ಪತ್ರೆ ಆರಿಸಬೇಕು, ಕರೆದ ದಿನ ಹೋಗಬೇಕು. ದುಡ್ಡು ಕೊಡುವುದೇನಿಲ್ಲ. ಕಾರ್ಡಿಗೆ ಮೂರು ಬಣ್ಣ: 40ರ ಕೆಳಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಪಟ್ಟಿಯಲ್ಲಿ ಶಿರಸಿಯ ಸರ್ಕಾರಿ ಆಸ್ಪತ್ರೆ ಕಂಡರೆ ಅದನ್ನೇ ಹಿಡಿಯಿರಿ. ಮಲಗಿದ ಮನುಷ್ಯನನ್ನು ದೇವಿಮನೆ ಘಟ್ಟ ಇಳಿಸಿ ಕಾರವಾರಕ್ಕೆ ಒಯ್ದು ಅದೇ ದಿನ ತಿರುಗಿ ತರುವುದು ಮನುಷ್ಯರು ಮಾಡುವ ಕೆಲಸವಲ್ಲ.

ಪೆಟ್ಟಾಗಿ ಹೆಚ್ಚು ದಿನ ಆಗಿಲ್ಲ ಅಂತಾದರೆ ತಾತ್ಕಾಲಿಕ ಅಂತ ಬರೆದು ಮತ್ತೆ ತಪಾಸಣೆಯ ದಿನಾಂಕ ಹಾಕುವುದೂ ಉಂಟು. ಸಿಟ್ಟಾಗಬೇಡಿ, ಸುಧಾರಿಸುವ ಸಾಧ್ಯತೆ ಇದ್ದರೆ ಅವರು ಹಾಗೇ ಬರೆಯಬೇಕು. ಆ ದಿನಾಂಕ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡಿ. ಅವಧಿ ಮುಗಿದ ಪ್ರಮಾಣಪತ್ರ ನಂಬಿ ಕೂತರೆ ಪಗಾರ ನಿಂತಾಗಲೇ ಎಚ್ಚರಾಗುವುದು. ಅಂಕೆ ತೀರಾ ಕಡಿಮೆ ಬಂತು ಅನ್ನಿಸಿದರೆ ಮೇಲ್ಮನವಿ ಹಾಕಲು ಅಂಗವಿಕಲರ ಹಕ್ಕುಗಳ 2016ರ ಕಾನೂನಿನಲ್ಲೇ ಅವಕಾಶ ಇದೆ. (ಹಳೆಯ 1995ರ ಕಾನೂನು ಏಳು ಬಗೆಯ ಅಂಗವೈಕಲ್ಯ ಮಾತ್ರ ಒಪ್ಪುತ್ತಿತ್ತು. ಈಗ 21. ಪಾರ್ಕಿನ್ಸನ್, ಹಿಮೋಫಿಲಿಯಾ, ಆ್ಯಸಿಡ್ ದಾಳಿಗೆ ಸಿಕ್ಕವರು ಎಲ್ಲ ಸೇರಿದ್ದಾರೆ. ಮನೆಯಲ್ಲಿ ಅಂಥವರಿದ್ದೂ 'ನಮಗೆಲ್ಲಿ ಕೊಡುತ್ತಾರೆ' ಎಂದು ಕೂತವರು ಬಹಳ.)

ಈಗ ಬಿಪಿಎಲ್ ಮಾತು. ರೇಷನ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1,20,000 ಮೀರಬಾರದು. ಈ ಪಗಾರಕ್ಕೆ ಮಿತಿ 32,000. ಎರಡಕ್ಕೂ ನಡುವೆ ಎಷ್ಟು ಅಂತರ ನೋಡಿ. ಕಾರ್ಡ್ ಇದೆ ಎಂದು ಧೈರ್ಯದಲ್ಲಿ ಹೋದವರಲ್ಲಿ ಎಷ್ಟೋ ಜನರ ಅರ್ಜಿ ಇಲ್ಲೇ ಬೀಳುತ್ತದೆ. 32,000 ಅಂದರೆ ತಿಂಗಳಿಗೆ 2,700ಕ್ಕೂ ಕಡಿಮೆ. ಅಷ್ಟರಲ್ಲಿ ಬದುಕುವ ಸಂಸಾರ ಯಾವುದು ಎಂದು ನನ್ನನ್ನು ಕೇಳಬೇಡಿ, ಮಿತಿ ಬರೆದವರನ್ನು ಕೇಳಬೇಕು.

ಅದಕ್ಕಿಂತ ಸೂಕ್ಷ್ಮದ್ದು ಇನ್ನೊಂದು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯುಷ್ಯ. ಮಕ್ಕಳ ಸ್ಕಾಲರ್‌ಶಿಪ್ಪಿಗೋ ಮತ್ತೊಂದಕ್ಕೋ ಎರಡು ಮೂರು ವರ್ಷದ ಹಿಂದೆ ಮಾಡಿಸಿದ್ದು ಮನೆಯಲ್ಲಿ ಇದ್ದೀತು. ನಾಡಕಚೇರಿಯಲ್ಲಿ ಅದರ ಮೇಲಿರುವ ಆರ್‌ಡಿ ನಂಬರ್ ಕೊಟ್ಟರೆ ಅದೇ ಆದಾಯ ಬಂದು ಕೂರುತ್ತದೆ. ಅದು ತಮ್ಮ ಮರ ಹತ್ತುತ್ತಿದ್ದ ಕಾಲದ ಆದಾಯ! ಕೊನೆಗೌಡರಿಗೆ ಹಂಗಾಮಿನಲ್ಲಿ ಕೂಲಿ ಚೆನ್ನಾಗಿಯೇ ಇರುತ್ತದಲ್ಲ. ಈಗ ಆ ದುಡಿಮೆ ಇಲ್ಲ. ಹಾಗಾಗಿ ಪಿಂಚಣಿ ಅರ್ಜಿಗೆ ಮೊದಲು ಹೊಸದಾಗಿ ಆದಾಯ ಪ್ರಮಾಣಪತ್ರ ಮಾಡಿಸಿ. ಶಾನಭೋಗರು ಸ್ಥಳಕ್ಕೆ ಬಂದರೆ (ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕಂತೆ, ನಮ್ಮ ಕಡೆ ಹಳಬರ ಬಾಯಲ್ಲಿ ಇನ್ನೂ ತಲಾಟಿಯೇ) ತಮ್ಮ ಮಲಗಿದ ಜಾಗಕ್ಕೇ ಕರೆದುಕೊಂಡು ಹೋಗಿ ತೋರಿಸಿ. ಸುಳ್ಳು ಹೇಳಿ ಅಂತ ನಾನು ಹೇಳುತ್ತಿಲ್ಲ, ಇವತ್ತಿನ ಸತ್ಯ ಬರೆಸಿ ಅಂತ. ಜಮೀನು ತಂದೆಯ ಹೆಸರಲ್ಲೋ ಒಟ್ಟು ಖಾತೆಯಲ್ಲೋ ಇದ್ದರೆ ತಮ್ಮನ ಪಾಲಿಗೆ ಬರುವುದೆಷ್ಟು ಎಂಬುದನ್ನೂ ಆಗಲೇ ಮಾತಾಡಿಬಿಡಿ.

ತಂದೆಯ ಸಂಧ್ಯಾ ಸುರಕ್ಷಾ ಅಡ್ಡ ಬರುವುದಿಲ್ಲ. ಒಬ್ಬ ವ್ಯಕ್ತಿಗೆ ಎರಡು ಪಿಂಚಣಿ ಇಲ್ಲ, ಅಷ್ಟೇ. ವಿಧವಾ ವೇತನ ತೆಗೆದುಕೊಳ್ಳುವ ಹೆಂಗಸು ಅಂಗವಿಕಲೆಯೂ ಆಗಿದ್ದರೆ ಯಾವುದಾದರೂ ಒಂದನ್ನು ಆರಿಸಬೇಕು. ಒಂದೇ ಮನೆಯ ಇಬ್ಬರಿಗೆ ಬೇರೆ ಬೇರೆ ಬರುವುದಕ್ಕೆ ತೊಂದರೆ ಇಲ್ಲ. ಮನೆಯ ಹೆಂಗಸರಿಗೆ ಬರುವ ಗೃಹಲಕ್ಷ್ಮಿಯೂ ಇದಕ್ಕೆ ಸಂಬಂಧವಿಲ್ಲದ್ದು.

ಇಲ್ಲಿ ನನ್ನ ಹಳೆಯ ಸಿಟ್ಟೊಂದಿದೆ, ಹೇಳಿಬಿಡುತ್ತೇನೆ. 2016ರ ಕಾನೂನಿನ 24ನೇ ಕಲಮು, ಅಂಗವಿಕಲರಿಗೆ ಕೊಡುವ ನೆರವು ಅಂಥದ್ದೇ ಯೋಜನೆಯಲ್ಲಿ ಬೇರೆಯವರಿಗೆ ಕೊಡುವುದಕ್ಕಿಂತ ಕಡಿಮೆಯೆಂದರೂ ಶೇ 25 ಹೆಚ್ಚಿರಬೇಕು ಅನ್ನುತ್ತದೆ. 65 ದಾಟಿದವರ ಸಂಧ್ಯಾ ಸುರಕ್ಷಾ 1,200. ಅದರ ಮೇಲೆ ಕಾಲುಭಾಗ ಸೇರಿಸಿದರೆ 1,500. ನನಗೆ ಬರುವುದು 800, ನಿಮ್ಮ ತಮ್ಮನಿಗೆ ಬಂದರೂ 1,400. ಅಂದರೆ ನನ್ನಂಥವರು 65 ತುಂಬಿದ ದಿನ ಅಂಗವಿಕಲರಾಗಿರುವುದನ್ನು ಬಿಟ್ಟು ಬರೇ ಮುದುಕರಾದರೆ 400 ಲಾಭ. ನಾನಂತೂ ಆ ದಿನ ಕಾಯುತ್ತಿದ್ದೇನೆ.

ಅರ್ಜಿ ಹಾಕುವುದು ನಾಡಕಚೇರಿಯಲ್ಲಿ, ನಿಮಗೆ ಹುಲೇಕಲ್ಲೋ ಬನವಾಸಿಯೋ ಯಾವುದು ಹತ್ತಿರವೋ ಅಲ್ಲ, ನಿಮ್ಮ ಹೋಬಳಿ ಯಾವುದೋ ಅಲ್ಲಿ. ಗ್ರಾಮ ಒನ್‌ನಲ್ಲೂ ಆಗುತ್ತದೆ. ಆಧಾರ್, ರೇಷನ್ ಕಾರ್ಡ್, ಯುಡಿಐಡಿ, ಆದಾಯದ್ದು, ಪಾಸ್‌ಬುಕ್ಕು, ಫೋಟೋ. ಸಕಾಲ ನಂಬರ್ ಇರುವ ರಸೀದಿ ಕೇಳಿ ಪಡೆಯಿರಿ, ಅದಿಲ್ಲದೆ ಎದ್ದು ಬರಬೇಡಿ. ಕಂದಾಯ ನಿರೀಕ್ಷಕರ ವರದಿ ಆಗಿ ಮಂಜೂರಿ ಆಗುತ್ತದೆ. ತಿರಸ್ಕರಿಸಿದರೆ ಕಾರಣ ಬರಹದಲ್ಲಿ ತೆಗೆದುಕೊಳ್ಳಿ. ಅದನ್ನು ಹಿಡಿದು ಉಪವಿಭಾಗಾಧಿಕಾರಿಗಳ ಹತ್ತಿರ ಹೋಗಬಹುದು, ನಿಮ್ಮ ಪುಣ್ಯಕ್ಕೆ ಆ ಕಚೇರಿ ಶಿರಸಿಯಲ್ಲೇ ಇದೆ. ಏಜೆಂಟರ ಬದಲು ಪಂಚಾಯತದಲ್ಲಿ ವಿಆರ್‌ಡಬ್ಲ್ಯು ಯಾರು ಎಂದು ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ, ಅವರೂ ಅಂಗವಿಕಲರೇ, ಇದೇ ಅವರ ಕೆಲಸ. ಪಂಚಾಯತದ ಸ್ವಂತ ಹಣದಲ್ಲಿ ಶೇ 5 ಅಂಗವಿಕಲರಿಗೆಂದೇ ಇಡಬೇಕು ಎಂಬುದನ್ನೂ ಅವರ ಹತ್ತಿರ ಮೆಲ್ಲಗೆ ತೆಗೆಯಿರಿ. ಗಾಲಿಕುರ್ಚಿಗೋ ಪಾಯಖಾನೆಗೆ ಇಳಿಜಾರು ಮಾಡಿಸುವುದಕ್ಕೋ ಆದೀತು.

ಹಣ ಆಧಾರ್‌ಗೆ ಜೋಡಿಸಿದ ಖಾತೆಗೆ ಬರುತ್ತದೆ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಒಮ್ಮೆ ಐದು ತಿಂಗಳು ನನ್ನ ಪಗಾರ ಬರಲಿಲ್ಲ. ಕಚೇರಿಗೆ ನಾಲ್ಕು ಸಲ ಹೋದೆ. ನಾಲ್ಕನೇ ಸಲ ಎಲ್ಲರೆದುರು ಕೂಗಾಡಿದೆ. ಅಲ್ಲಿ ಕೂತ ಹುಡುಗಿ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ, 'ಅಂಕಲ್, ಎಲ್ಲ ತಿಂಗಳೂ ಜಮಾ ಆಗಿದೆ' ಅಂದಳು. ಸಿಮ್ ಕೊಳ್ಳುವಾಗ ಅಂಗಡಿಯವ ಹೆಬ್ಬೆಟ್ಟು ಒತ್ತಿಸಿಕೊಂಡು ಯಾವುದೋ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದ, ಆಧಾರ್ ಅದಕ್ಕೆ ಹೋಗಿ ಅಂಟಿಕೊಂಡಿತ್ತು. ನನ್ನ 4,000 ರೂಪಾಯಿ ನನ್ನ ಜೇಬಿನ ಮೊಬೈಲಿನಲ್ಲೇ ಮಲಗಿತ್ತು! ಆಧಾರ್‌ನವರ ಜಾಲತಾಣದಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಎಂದು ತೋರಿಸುತ್ತದೆ. ಅರ್ಜಿ ಹಾಕುವ ಮೊದಲೇ ತಮ್ಮನದ್ದು ನೋಡಿಬಿಡಿ. ಪಾಸ್‌ಬುಕ್ಕಿನ ಹೆಸರೂ ಆಧಾರ್ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಒಂದರಲ್ಲಿ ಗೌಡ, ಇನ್ನೊಂದರಲ್ಲಿ ಬರೇ ಅಪ್ಪನ ಹೆಸರು, ಇಂಥದ್ದು ನಮ್ಮ ಜಿಲ್ಲೆಯಲ್ಲಿ ಮನೆಗೊಂದು.

ಯುಡಿಐಡಿ ಬಂದ ಮೇಲೆ ಬಸ್ ಪಾಸಿಗೂ ಹಾಕಿ, ವರ್ಷಕ್ಕೆ 660 ರೂಪಾಯಿ. ತಮ್ಮ ಬಸ್ ಹತ್ತುವ ಸ್ಥಿತಿಗೆ ಬರಲು ಸಮಯ ಬೇಕಾದೀತು, ಆದರೂ ಇರಲಿ. ಅದು ಮನೆಯಿಂದ 100 ಕಿಲೋಮೀಟರ್ ಒಳಗೆ ಮಾತ್ರ ನಡೆಯುತ್ತದೆ. ಶಿರಸಿಯಿಂದ ಕಾರವಾರ ಅದಕ್ಕಿಂತ ದೂರ. ಜಿಲ್ಲಾ ಕೇಂದ್ರಕ್ಕೇ ಮುಟ್ಟಿಸದ ಪಾಸು! ಉಳಿದ ದಾರಿಗೆ ಟಿಕೆಟ್ ತೆಗೆಯಬೇಕು.

ಡಿಸ್ಚಾರ್ಜ್ ಕಾಗದದಲ್ಲಿ ಬೆನ್ನುಹುರಿಯ ಬಗ್ಗೆ ಏನು ಬರೆದಿದ್ದಾರೆ, ಬಿದ್ದು ಎಷ್ಟು ತಿಂಗಳಾಯಿತು, ಹಳೆಯ ಆದಾಯ ಪ್ರಮಾಣಪತ್ರದಲ್ಲಿ ಎಷ್ಟಿದೆ, ಈ ಮೂರು ತಿಳಿಸಿ. ಮೊದಲು ಆದಾಯದ್ದಕ್ಕೆ ಓಡಬೇಕೋ ಆಸ್ಪತ್ರೆಗೋ ಹೇಳುತ್ತೇನೆ.